ಥ್ರಿಲ್ಲರ್ ಕಥೆಯಲ್ಲಿ ಟ್ವಿಸ್ಟ್ ಇದ್ದರೂ ಸಸ್ಪೆನ್ಸ್ ಯಾಕೆ ಹುಟ್ಟುವುದಿಲ್ಲ?

ನಿಮ್ಮ ಪ್ರಶ್ನೆ ಇದು: ಸೈಕಲಾಜಿಕಲ್ ಥ್ರಿಲ್ಲರ್ ಬರೆದಿದ್ದೀರಿ, ಕೊನೆಯಲ್ಲಿ ದೊಡ್ಡ ಟ್ವಿಸ್ಟ್ ಇದೆ, ಆದರೂ ಓದಿದವರೆಲ್ಲ ಬೋರ್ ಅನ್ನುತ್ತಾರೆ. ಫ್ರೆಂಚ್ ವಿಮರ್ಶಕ ರೋಲಾಂ ಬಾರ್ತ್ ಹೇಳಿದ ಐದು ಕೋಡ್‌ಗಳನ್ನು, ಅಂದರೆ ಕಥೆಯಿಂದ ಅರ್ಥ ಹುಟ್ಟುವ ಐದು ದಾರಿಗಳನ್ನು, ಕಲಿತರೆ ಸಸ್ಪೆನ್ಸ್ ಬರುತ್ತಾ ಅಂತ ಕೇಳಿದ್ದೀರಿ.

ಕಲಿತ ಮಾತ್ರಕ್ಕೆ ಬರುವುದಿಲ್ಲ. ಆದರೆ ಕಥೆ ಎಲ್ಲಿ ಕೆಟ್ಟಿದೆ ಅನ್ನುವುದು ಗೊತ್ತಾಗುತ್ತದೆ. ನನಗೆ ಆಗಿದ್ದೂ ಅಷ್ಟೇ.

ನನ್ನೂರು ಚಿತ್ರದುರ್ಗ, ಕೆಲಸ ದಾವಣಗೆರೆಯಲ್ಲಿ. ಕೆಲವು ವರ್ಷದ ಹಿಂದೆ ನಾನೂ ಇಂಥದ್ದೇ ಒಂದು ಕಥೆ ಬರೆದೆ. ಒಬ್ಬ ಚಂದ್ರವಳ್ಳಿಯ ಅಂಕಲಿ ಮಠದ ಗುಹೆಗೆ ಇಳಿದು ವಾಪಸ್ ಬರುತ್ತಾನೆ. ಆಮೇಲೆ ಅವನಿಗೆ ನಿದ್ದೆ ಇಲ್ಲ. ಹದಿನೈದು ಪುಟ ಬರೀ ಅವನ ನಿದ್ದೆಗೆಟ್ಟ ರಾತ್ರಿಗಳು. ಕೊನೆಯ ಪುಟದಲ್ಲಿ ಗುಟ್ಟು ಬಿಟ್ಟುಕೊಟ್ಟೆ: ತಮ್ಮನನ್ನು ಅವನು ಆ ಕತ್ತಲಲ್ಲೇ ಬಿಟ್ಟು ಬಂದಿದ್ದ. ಬರೆದು ಮುಗಿಸಿದಾಗ ನನ್ನ ಮೈಯೇ ಜುಮ್ ಅಂದಿತ್ತು. ದಾವಣಗೆರೆಯಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತಾ ಸ್ನೇಹಿತನೊಬ್ಬನಿಗೆ ಓದಲು ಕೊಟ್ಟೆ. ಅವನು ಓದಿ, ಕೈ ಒರೆಸಿಕೊಂಡು ಹೇಳಿದ: "ಅವನಿಗೆ ತಮ್ಮ ಇದ್ದ ಅಂತಲೇ ನನಗೆ ಗೊತ್ತಿರಲಿಲ್ಲ. ಈಗ ಸತ್ತ ಅಂದ್ರೆ ನಾನ್ಯಾಕೆ ಬೆಚ್ಚಬೇಕು?"

ನಿಮ್ಮ ಕಥೆಯ ಕಾಯಿಲೆಯೂ ಇದೇ ಇರಬಹುದು. ನಾನು ಉತ್ತರವನ್ನು ಬಚ್ಚಿಟ್ಟಿದ್ದೆ, ಸರಿ. ಪ್ರಶ್ನೆಯನ್ನೂ ಬಚ್ಚಿಟ್ಟುಬಿಟ್ಟಿದ್ದೆ. ಏನೋ ಕಳೆದಿದೆ ಅಂತ ಗೊತ್ತಾಗದೆ ಯಾರೂ ಹುಡುಕಲು ಹೊರಡುವುದಿಲ್ಲ, ಅಲ್ವಾ?

ರೋಲಾಂ ಬಾರ್ತ್ 1970ರಲ್ಲಿ ಬಂದ 'ಎಸ್/ಜಡ್' ಪುಸ್ತಕದಲ್ಲಿ ಫ್ರೆಂಚ್ ಕಥೆಗಾರ ಬಾಲ್ಜಾಕ್‌ನ 'ಸಾರಾಸಿನ್' ಅನ್ನುವ ಒಂದೇ ಕಥೆಯನ್ನು 561 ತುಂಡು ಮಾಡಿ ಓದುತ್ತಾನೆ. ಅದು ಥ್ರಿಲ್ಲರ್ ಅಲ್ಲ. ಬಾರ್ತ್ ಬರೆದದ್ದು ಓದುವ ಬಗ್ಗೆ, ಕಥೆ ಬರೆಯುವ ಫಾರ್ಮುಲಾ ಅಂತ ಅಲ್ಲ. ಆದರೂ ಅವನ ಮೊದಲ ಹೆಜ್ಜೆ ನೋಡಿ. ಕಥೆಯ ಹೆಸರನ್ನೇ ಹಿಡಿದು ಕೇಳುತ್ತಾನೆ: ಈ ಸಾರಾಸಿನ್ ಅಂದರೆ ಏನು? ವಸ್ತುವಾ, ಮನುಷ್ಯನಾ, ಗಂಡಾ, ಹೆಣ್ಣಾ? ಒಂದು ಪದ ಓದುವಷ್ಟರಲ್ಲಿ ಒಗಟು ಶುರುವಾಗಿದೆ. ಇದು ಅವನ ಹರ್ಮೆನ್ಯೂಟಿಕ್ ಕೋಡ್. ನಾನು ಒಗಟಿನ ಕೋಡ್ ಅನ್ನುತ್ತೇನೆ. ಮೊದಲು ಒಗಟು ಇದೆ ಅಂತ ತೋರಿಸಬೇಕು. ಆಮೇಲೆ ಉತ್ತರವನ್ನು ತಡೆಯಬೇಕು. ತಡೆಯುವ ದಾರಿಗಳನ್ನೂ ಬಾರ್ತ್ ಗುರುತಿಸಿದ್ದಾನೆ: ದಾರಿ ತಪ್ಪಿಸುವುದು, ಎರಡು ಅರ್ಥ ಬರುವ ಹಾಗೆ ಮಾತಾಡುವುದು, ಅರ್ಧ ಹೇಳುವುದು, ಬಾಯಿಗೆ ಬಂದ ಉತ್ತರವನ್ನು ನುಂಗುವುದು, 'ಇದು ಬಿಡಿಸಲಾಗದ ಒಗಟು' ಅಂತ ಕೈ ಚೆಲ್ಲುವುದು.

ಎರಡನೆಯದು ಕ್ರಿಯೆಯ ಕೋಡ್. ಇದಕ್ಕೆ ಗುಟ್ಟೇ ಬೇಕಿಲ್ಲ. ಒಂದು ಕೆಲಸ ಶುರುವಾದರೆ ಅದು ಮುಗಿಯುವುದನ್ನು ನೋಡಬೇಕು ಅಂತ ಮನಸ್ಸು ಕಾಯುತ್ತದೆ, ಅಷ್ಟೇ. ಇದನ್ನು ನಾನು ಕಲಿತದ್ದು ಬಾರ್ತ್‌ನಿಂದ ಅಲ್ಲ, ನಮ್ಮಜ್ಜಿಯಿಂದ. ಓಬವ್ವನ ಕಥೆ ದುರ್ಗದ ಯಾವ ಮಗುವಿಗೆ ಗೊತ್ತಿಲ್ಲ? ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುತ್ತಾರೆ, ಅವಳು ಒನಕೆ ಎತ್ತುತ್ತಾಳೆ. ಕೊನೆ ಏನು ಅಂತ ಬಾಯಿಪಾಠ. ಆದರೆ ಅಜ್ಜಿ ಮಾಡುತ್ತಿದ್ದದ್ದೇ ಬೇರೆ. ಕಿಂಡಿಯಿಂದ ಮೊದಲ ತಲೆ ಹೊರಗೆ ಬರುವ ಹೊತ್ತಿಗೆ ಕಥೆಯನ್ನು ಮನೆಯೊಳಕ್ಕೆ ಎಳೆದುಬಿಡುತ್ತಿದ್ದಳು. ಅಲ್ಲಿ ಗಂಡ ಮುದ್ದಹನುಮ ಊಟಕ್ಕೆ ಕೂತಿದ್ದಾನೆ. ಮುದ್ದೆ ಮುರಿದ. ಸಾರಿಗೆ ಅದ್ದಿದ. ನುಂಗಿದ. ನಮಗೆ ಜೀವ ಬಾಯಿಗೆ ಬರುತ್ತಿತ್ತು. ಎದ್ದು ಹೋಗೋ ಮಾರಾಯ ಅಂತ ಕೂಗಬೇಕು ಅನ್ನಿಸುತ್ತಿತ್ತು! ಮೇಜಿನ ಕೆಳಗಿನ ಬಾಂಬಿನ ಬಗ್ಗೆ ಸಿನಿಮಾ ನಿರ್ದೇಶಕ ಹಿಚ್‌ಕಾಕ್ ಹೇಳಿದ್ದೂ ಇದನ್ನೇ: ಬಾಂಬ್ ದಿಢೀರನೆ ಸಿಡಿದರೆ ನೋಡುಗರಿಗೆ ಸಿಗುವುದು 15 ಸೆಕೆಂಡಿನ ಅಚ್ಚರಿ, ಅದು ಅಲ್ಲಿದೆ ಅಂತ ಮೊದಲೇ ಗೊತ್ತಿದ್ದರೆ 15 ನಿಮಿಷದ ಸಸ್ಪೆನ್ಸ್. ನಮ್ಮಜ್ಜಿಗೆ ಕಿಂಡಿಯೇ ಬಾಂಬು.

ಉಳಿದ ಮೂರು ಕೋಡ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪಾತ್ರದ ಗುಣ ಸೂಚಿಸುವ ಸಣ್ಣಪುಟ್ಟ ವಿವರಗಳು ಒಂದು. ಬೆಳಕು–ಕತ್ತಲು, ಒಳಗು–ಹೊರಗು ತರಹದ ಎದುರುಬದುರು ಜೋಡಿಗಳು ಇನ್ನೊಂದು. ಓದುಗರಿಗೆ ಮೊದಲೇ ಗೊತ್ತಿರುವ ಲೋಕಜ್ಞಾನ ಮೂರನೆಯದು. ಇವು ಕಥೆಯನ್ನು ಮುಂದಕ್ಕೆ ತಳ್ಳುವುದಿಲ್ಲ. ತಳ್ಳುವುದು ಮೊದಲ ಎರಡೇ.

ಆದರೆ ಸೈಕಲಾಜಿಕಲ್ ಥ್ರಿಲ್ಲರ್‌ನಲ್ಲಿ ಒಂದು ಮೋಜು ಇದೆ. ಪತ್ತೇದಾರಿ ಕಥೆಯಲ್ಲಿ ಒಗಟು ಹೊರಗಿರುತ್ತದೆ, ಕೊಂದವರು ಯಾರು ಅಂತ. ಇಲ್ಲಿ ಒಗಟು ಕಥೆ ಹೇಳುವವನ ತಲೆಯೊಳಗೇ ಇರುತ್ತದೆ. ಇವನ ಮಾತು ನಂಬಬಹುದಾ? ಹಾಗಾಗಿ ಸುಮ್ನೆ ಸ್ವಭಾವ ತೋರಿಸಲು ಇಟ್ಟಂತೆ ಕಾಣುವ ವಿವರವೇ ಸುಳಿವಾಗಿಬಿಡುತ್ತದೆ. ನನ್ನ ಪ್ರಕಾರ ಈ ಬಗೆಯ ಕಥೆ ಗೆಲ್ಲುವುದೂ ಸೋಲುವುದೂ ಇಲ್ಲೇ, ಕೊನೆಯ ಪುಟದಲ್ಲಿ ಅಲ್ಲ.

ಕಥೆ ತಿದ್ದುವಾಗ ನಾನು ಮಾಡಿದ್ದು ಹೇಳುತ್ತೇನೆ. ಮೊದಲ ಪುಟದಲ್ಲೇ ಅವನು ಎರಡು ಪ್ಲೇಟ್ ಮಂಡಕ್ಕಿ ಹೇಳುತ್ತಾನೆ. ಒಂದು ಪ್ಲೇಟ್ ಹಾಗೇ ಉಳಿಯುತ್ತದೆ. ಅದರ ಬಗ್ಗೆ ಅವನೂ ಮಾತಾಡುವುದಿಲ್ಲ, ನಾನೂ ಮಾತಾಡುವುದಿಲ್ಲ. ಎರಡನೇ ಪುಟದಲ್ಲಿ "ನನ್ನ ತಮ್ಮನಿಗೆ ಕತ್ತಲು ಅಂದ್ರೆ ಆಗಲ್ಲ" ಅನ್ನುತ್ತಾನೆ. ಆರನೇ ಪುಟದಲ್ಲಿ ಅದೇ ಮಾತು "ಆಗ್ತಿರಲಿಲ್ಲ" ಅಂತ ಬಾಯಿ ಜಾರುತ್ತದೆ. ತಕ್ಷಣ ಹವಾಮಾನದ ಮಾತಿಗೆ ಹಾರುತ್ತಾನೆ. ಅಂಕಲಿ ಮಠದ ಒಳಗೆ ಇಳಿದವರಿಗೆ ಟಾರ್ಚ್ ಇಲ್ಲದೆ ಅಲ್ಲಿ ಏನೂ ಕಾಣುವುದಿಲ್ಲ ಅಂತ ಗೊತ್ತು. ಹಾಗಾಗಿ ಅವನ ಚೀಲದಲ್ಲಿ ಎರಡು ಟಾರ್ಚ್ ಇವೆ ಅಂತಷ್ಟೇ ಬರೆದೆ. ತಮ್ಮನ ಕೈಯಲ್ಲಿ ಇರಬೇಕಾದದ್ದು ಇವನ ಚೀಲದಲ್ಲಿ ಯಾಕಿದೆ? ಆ ಪ್ರಶ್ನೆ ಕೇಳುವ ಕೆಲಸ ಓದುಗರದ್ದು.

ಇನ್ನೊಂದು ಮಾತು, ಕನ್ನಡದಲ್ಲಿ ಬರೆಯುತ್ತೀರಿ ಅನ್ನುವ ಕಾರಣಕ್ಕೆ. ಸಾರಾಸಿನ್ (Sarrasine) ಅನ್ನುವ ಹೆಸರಿನ ಕೊನೆಯ 'e' ಅಕ್ಷರದಿಂದ ಅದು ಫ್ರೆಂಚ್ ಕಿವಿಗೆ ಹೆಣ್ಣಿನ ಹೆಸರಿನ ಹಾಗೆ ಕೇಳುತ್ತದೆ, ಅದನ್ನು ಬಾರ್ತ್ ಹಿಡಿಯುತ್ತಾನೆ. ನಮ್ಮಲ್ಲಿ 'ಬಂದ', 'ಬಂದಳು' ಅಂದ ಕೂಡಲೇ ಗುಟ್ಟು ರಟ್ಟು. ಆದರೆ 'ನಾನು ಬಂದೆ' ಅಂದಾಗ ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. 'ಬಂದರು' ಅಂದರೆ ಒಬ್ಬರೋ ನಾಲ್ವರೋ ಅದೂ ತಿಳಿಯುವುದಿಲ್ಲ. ಗೌರವದ ಬಹುವಚನದ ಹಿಂದೆ ಒಂದು ಇಡೀ ಪಾತ್ರವನ್ನೇ ಅಡಗಿಸಬಹುದು. ಅದನ್ನು ಪೂರ್ತಿ ಬಳಸಿಕೊಂಡ ಥ್ರಿಲ್ಲರ್ ಓದಲು ನನಗೆ ಆಸೆ ಇದೆ. ನೀವೇ ಯಾಕೆ ಬರೆಯಬಾರದು?

ತಿದ್ದಿದ ಕಥೆಯನ್ನು ಅದೇ ಸ್ನೇಹಿತನಿಗೆ, ಅದೇ ಅಂಗಡಿಯಲ್ಲಿ ಕೊಟ್ಟೆ. ಆರನೇ ಪುಟದಲ್ಲಿ ನಿಲ್ಲಿಸಿದ. ಹಿಂದಕ್ಕೆ ಹೋಗಿ ಎರಡನೇ ಪುಟ ತೆಗೆದ. ಮತ್ತೆ ಮುಂದಕ್ಕೆ ಬಂದ. "ಇವನ ತಮ್ಮ ಬದುಕಿದ್ದಾನಾ?" ಅಂತ ಕೇಳಿದ. ನಾನು ಇನ್ನೊಂದು ಮಿರ್ಚಿ ತೆಗೆದುಕೊಂಡೆ.