ಶಾಲೆಯ ಆ ಹಳೇ ಬಿಬಿಸಿ ಮೈಕ್ರೊ ಲ್ಯಾಪ್‌ಟಾಪಿನಲ್ಲಿ ಓಡುತ್ತಾ? ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಒಂದೇ ಯಂತ್ರದ ಬಗ್ಗೆ ಜಾಸ್ತಿ ಪ್ರಶ್ನೆಗಳಿದ್ದವು. ಅದು ಬಿಬಿಸಿ ಮೈಕ್ರೊ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಏಕಾರ್ನ್ ಕಂಪನಿ 1981ರ ಡಿಸೆಂಬರಿನಲ್ಲಿ ಇದನ್ನು ಹೊರತಂದಿತು. ಜನರಿಗೆ ಕಂಪ್ಯೂಟರ್ ಕಲಿಸಲು ಬಿಬಿಸಿ ನಡೆಸಿದ ಯೋಜನೆಗಾಗಿ ತಯಾರಾದ ಯಂತ್ರ ಇದು. 1984ರಲ್ಲಿ ಕೇಂದ್ರ ಸರ್ಕಾರ 'ಕ್ಲಾಸ್' ಎಂಬ ಯೋಜನೆ ಶುರು ಮಾಡಿದಾಗ ನಮ್ಮ ದೇಶದ ಶಾಲೆಗಳಿಗೂ ಇದೇ ಬಂತು. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಇದನ್ನೇ 'ಯೂನಿಕಾರ್ನ್' ಹೆಸರಿನಲ್ಲಿ ತಯಾರಿಸಿತು. ಹಾಗಾಗಿ ನಿಮ್ಮ ನೆನಪಿನಲ್ಲಿ ಯೂನಿಕಾರ್ನ್ ಅಂತಿದ್ದರೂ ಇಲ್ಲಿನ ಉತ್ತರ ನಿಮಗೂ ಹೊಂದುತ್ತದೆ.

ಒಂದು ಮಾತು. ಕಮಾಂಡುಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ದೊಡ್ಡಕ್ಷರದಲ್ಲೇ ಮಾಡಿ. 'ಸ್ಟಾರ್' ಎಂದರೆ ನಕ್ಷತ್ರ ಚಿಹ್ನೆ. 'ಎಮ್ಯುಲೇಟರ್' ಎಂದರೆ ಇವತ್ತಿನ ಕಂಪ್ಯೂಟರಿನಲ್ಲಿ ಹಳೇ ಯಂತ್ರದಂತೆಯೇ ನಡೆದುಕೊಳ್ಳುವ ಸಾಫ್ಟ್‌ವೇರ್.

ನಾನು ನಿವೃತ್ತ ಗಣಿತ ಮೇಷ್ಟ್ರು. ನಮ್ಮ ಹೈಸ್ಕೂಲಿಗೆ ಬಿಬಿಸಿ ಮೈಕ್ರೊ ಬಂದಿತ್ತು. ಮೊಮ್ಮಗಳಿಗೆ ತೋರಿಸೋಣ ಅಂತ ಲ್ಯಾಪ್‌ಟಾಪಿಗೆ ಎಮ್ಯುಲೇಟರ್ ಹಾಕಿಕೊಂಡೆ. ಆದರೆ 'ಲ್ಯಾಂಗ್ವೇಜ್?' ಎಂದು ಕೇಳಿ ನಿಂತುಬಿಡುತ್ತದೆ. ಯಾವ ಕೀ ಒತ್ತಿದರೂ ಪ್ರಯೋಜನವಿಲ್ಲ. ಎಲ್ಲಿ ತಪ್ಪಿದೆ? (ಹಾಸನ)

ಮೇಷ್ಟ್ರೇ, ನೀವು ಮುಕ್ಕಾಲು ದಾರಿ ಬಂದುಬಿಟ್ಟಿದ್ದೀರಿ. ಆ ಪ್ರಶ್ನೆ ಬರುತ್ತಿದೆ ಎಂದರೆ ಎಮ್ಯುಲೇಟರ್ ಓಡುತ್ತಿದೆ, ಒಳಗಿನ ಆಪರೇಟಿಂಗ್ ಸಿಸ್ಟಂ ಕೂಡ ಎದ್ದಿದೆ. ಅದಕ್ಕೆ ಸಿಗದೆ ಇರುವುದು ಪ್ರೋಗ್ರಾಂ ಬರೆಯುವ ಬೇಸಿಕ್ ಭಾಷೆಯ ರಾಮ್ (ROM), ಅಂದರೆ ಓದಲು ಮಾತ್ರ ಬರುವ ಚಿಪ್‌ನ ಪ್ರತಿ.

ಈ ಯಂತ್ರದ 6502 ಪ್ರೊಸೆಸರ್ ಒಮ್ಮೆಗೆ ನೋಡಬಲ್ಲದ್ದು 64 ಕೆಬಿ ಮಾತ್ರ. ಅದರಲ್ಲಿ ಕೆಳಗಿನ 32 ಕೆಬಿ ನಮ್ಮ ಪ್ರೋಗ್ರಾಂ ಮತ್ತು ಪರದೆಗೆ. ಮೇಲಿನ 16 ಕೆಬಿ ಆಪರೇಟಿಂಗ್ ಸಿಸ್ಟಂಗೆ. ನಡುವೆ ಉಳಿದ 16 ಕೆಬಿ ಜಾಗವನ್ನು ಬೇಸಿಕ್, ಫ್ಲಾಪಿ ನೋಡಿಕೊಳ್ಳುವ ಡಿಎಫ್‌ಎಸ್, ಇನ್ನಿತರ ಚಿಪ್‌ಗಳು ಸರದಿಯಲ್ಲಿ ಬಳಸುತ್ತವೆ. ಒಂದೇ ಬಚ್ಚಲುಮನೆಯನ್ನು ಮನೆಮಂದಿಯೆಲ್ಲ ಸರದಿ ಪ್ರಕಾರ ಬಳಸಿದ ಹಾಗೆ. ಯಂತ್ರ ಆನ್ ಆದಾಗ ಈ ಸರದಿಯಲ್ಲಿ ಭಾಷೆಯ ಚಿಪ್ ಯಾವುದಿದೆ ಎಂದು ಹುಡುಕುತ್ತದೆ. ಒಂದೂ ಸಿಗದಿದ್ದರೆ 'ಲ್ಯಾಂಗ್ವೇಜ್?' ಎಂದು ಕೇಳಿ ಸುಮ್ಮನಾಗುತ್ತದೆ. 1981ರ ನಿಜವಾದ ಯಂತ್ರದಲ್ಲಿ ಆ ಚಿಪ್ ಕಿತ್ತರೂ ಹೀಗೇ ಆಗುತ್ತಿತ್ತು.

ಎಮ್ಯುಲೇಟರಿನ ರಾಮ್ ಸೆಟ್ಟಿಂಗ್ ತೆರೆಯಿರಿ. 0ರಿಂದ 15ರವರೆಗೆ ಸ್ಲಾಟುಗಳು ಕಾಣುತ್ತವೆ. 15ರಲ್ಲಿ ಬೇಸಿಕ್ 2 ಇರಲಿ, 14ರಲ್ಲಿ ಡಿಎಫ್‌ಎಸ್ ಇರಲಿ. ಬೇಸಿಕ್ ಫೈಲಿನ ಗಾತ್ರ ಸರಿಯಾಗಿ 16,384 ಬೈಟ್ ಇದೆಯೇ ನೋಡಿ. ಕಡಿಮೆ ಇದ್ದರೆ ಡೌನ್‌ಲೋಡ್ ಅರ್ಧಕ್ಕೆ ನಿಂತಿದೆ ಎಂದೇ ಅರ್ಥ. ಮಾಡೆಲ್ 'ಬಿ' ಎಂದು ಆರಿಸಿ ರೀಸೆಟ್ ಮಾಡಿ. 'ಬಿಬಿಸಿ ಕಂಪ್ಯೂಟರ್ 32ಕೆ', ಅದರ ಕೆಳಗೆ 'ಏಕಾರ್ನ್ ಡಿಎಫ್‌ಎಸ್', 'ಬೇಸಿಕ್', ಕೊನೆಗೆ ಒಂದು ಬಾಣದ ಗುರುತು. ಆ ಎರಡು ಸ್ವರದ ಬೀಪ್ ಕೇಳಿದಾಗ ನಿಮಗೆ ನಿಮ್ಮ ಲ್ಯಾಬ್ ನೆನಪಾಗುತ್ತದೆ, ನೋಡಿ.

ಆದರೂ ಮೊಮ್ಮಗಳಿಗೆ ತೋರಿಸುವುದಷ್ಟೇ ಉದ್ದೇಶವಾದರೆ, ಇಷ್ಟು ಶ್ರಮ ಬೇಡ. ಬ್ರೌಸರಿನಲ್ಲೇ ಓಡುವ ಜೆಎಸ್‌ಬೀಬ್ ಇದೆ. ಮ್ಯಾಟ್ ಗಾಡ್‌ಬೋಲ್ಟ್ ಎಂಬ ಪ್ರೋಗ್ರಾಮರ್ ಬರೆದದ್ದು. ಚಿಪ್, ಸ್ಲಾಟ್ ಯಾವ ಗೊಡವೆಯೂ ಇಲ್ಲ, ಪುಟ ತೆರೆದರೆ ಯಂತ್ರ ಆನ್. ಯಾರೇ ಕೇಳಿದರೂ ನಾನು ಮೊದಲು ಇದನ್ನೇ ಹೇಳುವುದು. ಸ್ವಂತ ಫ್ಲಾಪಿಗಳ ಕೆಲಸ ಶುರುವಾದ ಮೇಲೆ ವಿಂಡೋಸ್‌ನಲ್ಲಿ ಬೀಬ್‌ಎಮ್, ಲಿನಕ್ಸ್‌ನಲ್ಲಿ ಬಿ-ಎಮ್ ಹಾಕಿಕೊಳ್ಳಿ. ಜೆಎಸ್‌ಬೀಬ್‌ನಲ್ಲಿ ಶಬ್ದ ಬರದಿದ್ದರೆ ಪುಟದ ಮೇಲೆ ಒಮ್ಮೆ ಕ್ಲಿಕ್ ಮಾಡಿ. ನಾವು ಕ್ಲಿಕ್ ಮಾಡುವವರೆಗೆ ಬ್ರೌಸರುಗಳು ಶಬ್ದ ಬಿಡುವುದಿಲ್ಲ. ಆಮೇಲೆ 'ಸೌಂಡ್ 1,-15,53,20' ಕೊಡಿ. ಒಂದು ಸೆಕೆಂಡಿನ ಸ್ವರ ಕೇಳುತ್ತದೆ. 53ರ ಬದಲು ಬೇರೆ ಅಂಕಿ ಹಾಕಿ ನೋಡಲು ಅವಳಿಗೇ ಬಿಡಿ. ಮಕ್ಕಳು ಅಲ್ಲಿಂದ ಮುಂದಕ್ಕೆ ತಾವೇ ಹೋಗುತ್ತಾರೆ.

ಅವಳಿಗೆ ಇನ್ನೊಂದು ವಿಷಯ ಹೇಳಿ. ಈ ಯಂತ್ರದ ಬೇಸಿಕ್ ಬರೆದ ಸೋಫಿ ವಿಲ್ಸನ್, ಹಾರ್ಡ್‌ವೇರ್ ರೂಪಿಸಿದ ಸ್ಟೀವ್ ಫರ್ಬರ್, ಇವರಿಬ್ಬರೇ ಮುಂದೆ ಏಕಾರ್ನ್‌ನಲ್ಲಿ ಮೊದಲ ಆರ್ಮ್ ಪ್ರೊಸೆಸರ್ ಮಾಡಿದವರು. 1985ರಲ್ಲಿ ಅದು ಕೆಲಸ ಮಾಡಿತು. ಇವತ್ತು ನಮ್ಮ ಜೇಬಿನ ಮೊಬೈಲುಗಳಲ್ಲಿ ಇರುವುದು ಅದೇ ವಂಶದ ಚಿಪ್.

'ಪ್ರಿಂಟ್ 2+2' ಎಂದು ಕೊಟ್ಟರೆ 'ಮಿಸ್ಟೇಕ್' ಎನ್ನುತ್ತದೆ. ನಕ್ಷತ್ರ ಚಿಹ್ನೆ ಒತ್ತಿದರೆ ಬ್ರಾಕೆಟ್ ಬೀಳುತ್ತದೆ. ನನ್ನ ಕೀಬೋರ್ಡ್ ಕೆಟ್ಟಿದೆಯಾ? (ತುಮಕೂರು)

ಕೆಟ್ಟಿಲ್ಲ. ಬಿಬಿಸಿ ಬೇಸಿಕ್‌ಗೆ ಸಣ್ಣಕ್ಷರದ 'ಪ್ರಿಂಟ್' ಅರ್ಥವಾಗುವುದಿಲ್ಲ. ಕ್ಯಾಪ್ಸ್ ಲಾಕ್ ಹಾಕಿಕೊಳ್ಳಿ, ಮೊದಲನೆಯದು ಸರಿಹೋಗುತ್ತದೆ.

ಎರಡನೆಯದು ಕೀಗಳ ಜಾಗದ ವಿಷಯ. ಬಿಬಿಸಿ ಕೀಬೋರ್ಡಿನಲ್ಲಿ ಶಿಫ್ಟ್ ಹಿಡಿದು 8 ಒತ್ತಿದರೆ ಬ್ರಾಕೆಟ್ ಬರುತ್ತದೆ. ನಕ್ಷತ್ರ ಇರುವುದು ಕೋಲನ್ ಕೀ ಮೇಲೆ, ಎಲ್ ಅಕ್ಷರದ ಬಲಕ್ಕೆ ಎರಡನೇ ಕೀ. ನಿಮ್ಮ ಎಮ್ಯುಲೇಟರ್ ಈಗ ಕೀ ಇದ್ದ ಜಾಗವನ್ನು ನೋಡುತ್ತಿದೆ, ಅದರ ಮೇಲೆ ಅಚ್ಚಾದ ಅಕ್ಷರವನ್ನಲ್ಲ. ಕೀಬೋರ್ಡ್ ಸೆಟ್ಟಿಂಗಿನಲ್ಲಿ ಜೆಎಸ್‌ಬೀಬ್ ಆದರೆ 'ನ್ಯಾಚುರಲ್', ಬೀಬ್‌ಎಮ್ ಆದರೆ 'ಲಾಜಿಕಲ್' ಆರಿಸಿ. ಟೈಪಿಂಗಿಗೆ ಇದೇ ಒಳ್ಳೆಯದು. ಆಟ ಆಡುವಾಗ ಮಾತ್ರ ಹಳೆಯ ಜಾಗದ ಲೆಕ್ಕಕ್ಕೆ ವಾಪಸ್ ಹೋಗಿ, ಯಾಕೆಂದರೆ ಆಟಗಳಲ್ಲಿ ಬೆರಳಿಗೆ ಬೇಕಾಗಿರುವುದು ಜಾಗ. ಬ್ರೇಕ್ ಕೀ ಎಫ್12ರಲ್ಲಿದೆ. ಲ್ಯಾಪ್‌ಟಾಪ್ ಆದರೆ ಜೊತೆಗೆ ಎಫ್‌ಎನ್ ಒತ್ತಬೇಕಾಗಬಹುದು.

ನಮ್ಮ ತಂದೆ ಶಾಲೆಯಲ್ಲಿ ಬರೆದ ಪ್ರೋಗ್ರಾಂಗಳ ಹದಿನಾಲ್ಕು ಫ್ಲಾಪಿಗಳು ಅಟ್ಟದ ಮೇಲೆ ಸಿಕ್ಕಿವೆ. ಐದೂಕಾಲು ಇಂಚಿನವು. ಕೆಲವಕ್ಕೆ ಬಿಳಿ ಬೂಸ್ಟು ಹಿಡಿದಿದೆ. ಎಮ್ಯುಲೇಟರಿಗೆ ಇವನ್ನು ಹಾಕುವುದು ಹೇಗೆ? ಪರಿಚಯದವರ ಹತ್ತಿರ ಹಳೇ ಪಿಸಿಯ ಡ್ರೈವ್ ಇದೆ. (ಉಡುಪಿ)

ದಯವಿಟ್ಟು ಒಂದನ್ನೂ ಡ್ರೈವಿಗೆ ಹಾಕಬೇಡಿ, ಈ ಉತ್ತರ ಪೂರ್ತಿ ಓದುವವರೆಗೆ. ಎಮ್ಯುಲೇಟರ್ ಇನ್ನು ಹತ್ತು ವರ್ಷ ಬಿಟ್ಟು ಹಾಕಿಕೊಂಡರೂ ನಡೆಯುತ್ತದೆ. ಅಪ್ಪನ ಫ್ಲಾಪಿಗೆ ಸಿಗುವುದು ಒಂದೇ ಅವಕಾಶ ಇರಬಹುದು.

ಕರಾವಳಿ, ಮಲೆನಾಡಿನ ಮಳೆಗಾಲ ಫ್ಲಾಪಿಗಳಿಗೆ ದೊಡ್ಡ ಶತ್ರು. ಬೂಸ್ಟು ಇರುವ ಫ್ಲಾಪಿ ತಿರುಗಿದಾಗ ಅದು ಡ್ರೈವಿನ ಹೆಡ್‌ಗೆ ಮೆತ್ತಿಕೊಳ್ಳುತ್ತದೆ. ಆಮೇಲೆ ಆ ಹೆಡ್ ಮುಂದಿನ ಒಳ್ಳೆಯ ಫ್ಲಾಪಿಯನ್ನೂ ಗೀರುತ್ತದೆ. ನಾನು ಒಮ್ಮೆ ಅವಸರ ಮಾಡಿ ಹೀಗೆ ಎರಡು ಒಳ್ಳೆಯ ಫ್ಲಾಪಿ ಕಳೆದುಕೊಂಡಿದ್ದೇನೆ. ನೆನಪಾದಾಗೆಲ್ಲ ಬೇಜಾರಾಗುತ್ತದೆ.

ಮೊದಲು ಎಲ್ಲವನ್ನೂ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಕೆಲವು ದಿನ ಇಡಿ. ಬಿಸಿಲಿಗೆ ಹಾಕಬೇಡಿ, ಹಪ್ಪಳದಂತೆ ಸೊಟ್ಟಗಾಗುತ್ತವೆ. ಆಮೇಲೆ ಬೂಸ್ಟು ಇಲ್ಲದವನ್ನು ಬೇರೆ ಮಾಡಿ. ಮೊದಲು ಓದಿಸಬೇಕಾದದ್ದು ಅವನ್ನೇ. ಬೂಸ್ಟು ಇರುವವಕ್ಕೆ ನಡುವಿನ ತೂತಿಗೆ ಬೆರಳು ಹಾಕಿ ತಟ್ಟೆಯನ್ನು ನಿಧಾನವಾಗಿ ತಿರುಗಿಸುತ್ತಾ, ಉದ್ದನೆಯ ಕಿಂಡಿಯಲ್ಲಿ ಕಾಣುವ ಭಾಗವನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಮೆತ್ತನೆಯ, ನೂಲು ಉದುರದ ಬಟ್ಟೆಯಿಂದ ಹಗುರವಾಗಿ ಒರೆಸಿ. ಎರಡೂ ಬದಿ. ಪೂರ್ತಿ ಒಣಗಲಿ. ಇಂಥ ಪ್ರತಿ ಫ್ಲಾಪಿ ಓದಿಸಿದ ಮೇಲೆ ಡ್ರೈವಿನ ಹೆಡ್ ಕೂಡ ಒರೆಸಿ. ತಾಳ್ಮೆಯ ಕೆಲಸ. ಆದರೆ ಹದಿನಾಲ್ಕೇ ಅಲ್ವಾ, ಒಂದು ಭಾನುವಾರ ಕೊಡಿ.

ಫ್ಲಾಪಿಯ ಬದಿಯಲ್ಲಿ ಒಂದು ಚೌಕದ ಕಚ್ಚು ಇರುತ್ತದೆ. ಅದಕ್ಕೆ ಬೆಳಕು ಹಾಯದ ಸ್ಟಿಕ್ಕರ್ ಅಂಟಿಸಿದರೆ ಯಾರೂ ಅದರ ಮೇಲೆ ಬರೆಯಲಾಗದು. ಮೂರೂವರೆ ಇಂಚಿನ ಫ್ಲಾಪಿಯಲ್ಲಿ ಕಿಂಡಿ ತೆರೆದಿದ್ದರೆ ರಕ್ಷಣೆ. ಇದರಲ್ಲಿ ಮುಚ್ಚಿದ್ದರೆ ರಕ್ಷಣೆ. ಇಲ್ಲಿ ತಪ್ಪುವವರು ಬಹಳ ಜನ.

ಇನ್ನು ಓದಿಸುವುದು. ಬಿಬಿಸಿಯ ಡಿಎಫ್‌ಎಸ್ ಫ್ಲಾಪಿಗಳಲ್ಲಿ ಬರೆದಿರುವ ರೀತಿ ಪಿಸಿಗಿಂತ ಹಳೆಯದು, ಸಿಂಗಲ್ ಡೆನ್ಸಿಟಿ. ಹೆಚ್ಚಿನ ಪಿಸಿಗಳ ಫ್ಲಾಪಿ ಕಂಟ್ರೋಲರ್ ಅದನ್ನು ಓದುವುದೇ ಇಲ್ಲ. ವಿಂಡೋಸ್ 'ಫಾರ್ಮ್ಯಾಟ್ ಮಾಡಲೇ?' ಎಂದು ಕೇಳಬಹುದು. 'ಬೇಡ' ಎನ್ನಿ! ನಿಮ್ಮ ಪರಿಚಯದವರ ಡ್ರೈವ್ ಮಾತ್ರ ಸಾಕು, ಅದನ್ನು ಗ್ರೀಸ್‌ವೀಸಲ್ ಎಂಬ ಪುಟ್ಟ ಬೋರ್ಡಿಗೆ ಜೋಡಿಸಿ ಯುಎಸ್‌ಬಿ ಮೂಲಕ ಲ್ಯಾಪ್‌ಟಾಪಿಗೆ ಸೇರಿಸಿ. ಇದು ಫ್ಲಾಪಿಯ ಮೇಲಿನ ಕಾಂತದ ಏರಿಳಿತವನ್ನೇ ಹಾಗೇ ದಾಖಲಿಸುತ್ತದೆ, ಫಾರ್ಮ್ಯಾಟ್ ಯಾವುದೆಂದು ಆಮೇಲೆ ಲೆಕ್ಕ ಹಾಕುತ್ತದೆ. ಐದೂಕಾಲು ಇಂಚಿನ ಡ್ರೈವಿಗೆ 12 ವೋಲ್ಟ್ ಬೇಕು. ಯುಎಸ್‌ಬಿಯಿಂದ ಅದು ಬರುವುದಿಲ್ಲ, ಹಳೇ ಪಿಸಿಯ ಪವರ್ ಸಪ್ಲೈ ಕೂಡ ಕೇಳಿ ತನ್ನಿ.

ಮೊದಲು ಆ ಕಚ್ಚಾ ದಾಖಲೆಯನ್ನು ಉಳಿಸಿ, ಎರಡು ಕಡೆ ಪ್ರತಿ ಇಡಿ. ಅದರಿಂದ ಎಸ್‌ಎಸ್‌ಡಿ ಫೈಲ್, ಅಂದರೆ ಫ್ಲಾಪಿಯ ಒಂದು ಬದಿಯ ಪೂರ್ತಿ ಪ್ರತಿ, ತಯಾರಿಸಿ. 40 ಟ್ರ್ಯಾಕಿನ ಫ್ಲಾಪಿಯ ಒಂದು ಬದಿಗೆ 100 ಕೆಬಿ, 80 ಟ್ರ್ಯಾಕಿಗೆ 200 ಕೆಬಿ ಆಗುತ್ತದೆ. ಆ ಫೈಲನ್ನು ಎಮ್ಯುಲೇಟರಿನ ಡ್ರೈವ್ 0ಕ್ಕೆ ಹಾಕಿ 'ಸ್ಟಾರ್ ಕ್ಯಾಟ್' ಕೊಡಿ. ಅಪ್ಪ ಇಟ್ಟ ಹೆಸರುಗಳು ಸಾಲಾಗಿ ಬರುತ್ತವೆ. ಏಳಕ್ಷರಕ್ಕಿಂತ ಉದ್ದ ಹೆಸರು ಇಡಲು ಆಗುತ್ತಿರಲಿಲ್ಲ, ಹಾಗಾಗಿ ಮೊಟಕು ಹೆಸರುಗಳೇ ಇರುತ್ತವೆ. 'ಚೈನ್' ಕೊಟ್ಟು ಹೆಸರನ್ನು ಎರಡು ಕೋಟ್ ನಡುವೆ ಬರೆದರೆ ಪ್ರೋಗ್ರಾಂ ಓಡುತ್ತದೆ. ಕೆಲವು ಫ್ಲಾಪಿಗಳು ಶಿಫ್ಟ್ ಹಿಡಿದು ಬ್ರೇಕ್ ಒತ್ತಿ ಬಿಟ್ಟರೆ ತಾವೇ ಶುರುವಾಗುತ್ತವೆ.

ಕ್ಯಾಸೆಟ್‌ನಲ್ಲಿದ್ದ 7 ಕೆಬಿಯ ಒಂದು ಚಿತ್ರ ಬಿಡಿಸುವ ಪ್ರೋಗ್ರಾಂ ಅನ್ನು ಎಮ್ಯುಲೇಟರಿನ ಡಿಸ್ಕಿಗೆ ಹಾಕಿದೆ. ಈಗ 'ಬ್ಯಾಡ್ ಮೋಡ್' ಎಂಬ ದೋಷ ಬರುತ್ತಿದೆ. ಪ್ರೋಗ್ರಾಮಿನ ಒಂದಕ್ಷರವೂ ಬದಲಾಗಿಲ್ಲ. (ಮೈಸೂರು)

'ಪ್ರಿಂಟ್ ಪೇಜ್' ಎಂದು ಕೊಟ್ಟು ನೋಡಿ. 6400 ಬರುತ್ತದೆ. ಪ್ರೋಗ್ರಾಂ ಶುರುವಾಗುವ ಜಾಗ ಅದು. ಕ್ಯಾಸೆಟ್ ಮಾತ್ರ ಇದ್ದ ಯಂತ್ರದಲ್ಲಿ ಅದು 3584 ಆಗಿತ್ತು. ನಡುವಿನ ಜಾಗವನ್ನು ಡಿಎಫ್‌ಎಸ್ ತನಗೆ ತೆಗೆದುಕೊಂಡಿದೆ. ಮೋಡ್ ಎಂದರೆ ಪರದೆಯ ಬಗೆ. ಮೋಡ್ 0, 1, 2ರ ಪರದೆಗಳು 20 ಕೆಬಿ ನುಂಗುತ್ತವೆ, 12288ರಿಂದ ಮೇಲೆ ಎಲ್ಲವೂ ಪರದೆಗೇ. ಹಾಗಾಗಿ ಕ್ಯಾಸೆಟ್ ಯಂತ್ರದಲ್ಲಿ 8704 ಬೈಟ್ ಸಿಗುತ್ತಿತ್ತು, ಈಗ 5888. ನಿಮ್ಮ 7 ಕೆಬಿ ಅಲ್ಲಿ ಹಿಡಿಸುತ್ತಿತ್ತು, ಇಲ್ಲಿ ಹಿಡಿಸುವುದಿಲ್ಲ.

ಎಮ್ಯುಲೇಟರಿನಲ್ಲಿ ಸುಲಭದ ದಾರಿ ಎಂದರೆ ಮಾಡೆಲ್ ಬದಲಿಸುವುದು. 1986ರ ಮಾಸ್ಟರ್ 128 ಆರಿಸಿ. ಅದರಲ್ಲಿ ಡಿಸ್ಕ್ ಇದ್ದರೂ ಪೇಜ್ 3584ರಲ್ಲೇ ಇರುತ್ತದೆ. ಮಾಡೆಲ್ ಬಿ ಬಿಡಲು ಮನಸ್ಸಿಲ್ಲದಿದ್ದರೆ ಡಿಎಫ್‌ಎಸ್ ಸ್ಲಾಟ್ ಖಾಲಿ ಮಾಡಿ, ಪ್ರೋಗ್ರಾಂ ಅನ್ನು ಕ್ಯಾಸೆಟ್ ಫೈಲಿನಿಂದಲೇ ಲೋಡ್ ಮಾಡಿ.

ನಮ್ಮ ಮೇಡಂ ಆಗ ಕನ್ನಡ ಅಕ್ಷರ ತೋರಿಸುವ ಒಂದು ಪ್ರೋಗ್ರಾಂ ಮಾಡಿದ್ದರು. ಫ್ಲಾಪಿ ಉಳಿದಿದೆ, ಎಮ್ಯುಲೇಟರಿನಲ್ಲಿ ಓಡುತ್ತದೆ ಕೂಡ. ಆದರೆ ಕನ್ನಡದ ಬದಲು ಇಂಗ್ಲಿಷಿನ ಸಣ್ಣಕ್ಷರಗಳು ಬರುತ್ತಿವೆ. ಫೈಲ್ ಹಾಳಾಗಿದೆಯಾ? (ಶಿವಮೊಗ್ಗ)

ಹಾಳಾಗಿಲ್ಲ ಎಂದೇ ನನ್ನ ಅನಿಸಿಕೆ. ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು, ಯಾಕೆಂದರೆ ಆ ಮೇಡಂ ಮಾಡಿದ ಕೆಲಸ ಸಣ್ಣದಲ್ಲ.

ಯಂತ್ರ ಆನ್ ಆದಾಗ ಮೋಡ್ 7ರಲ್ಲಿ ಇರುತ್ತದೆ. ಅದು ಟೆಲಿಟೆಕ್ಸ್ಟ್ ಪರದೆ, ಬರೇ 1 ಕೆಬಿ ಸಾಕು. ಅಲ್ಲಿ ಅಕ್ಷರಗಳ ಆಕಾರ ಬೇರೊಂದು ಚಿಪ್‌ನೊಳಗೆ ಅಚ್ಚಾಗಿದೆ, ನಾವು ಬದಲಿಸಲಾಗದು. ಉಳಿದ ಮೋಡ್‌ಗಳಲ್ಲಿ 224ರಿಂದ 255ರವರೆಗಿನ 32 ಅಕ್ಷರಗಳನ್ನು ನಮಗೆ ಬೇಕಾದಂತೆ ಬರೆದುಕೊಳ್ಳಬಹುದು. ಮೋಡ್ 7ಕ್ಕೆ ಆ ಅಂಕಿಗಳು ಗೊತ್ತಿಲ್ಲ. ಅದು 128 ಕಳೆದು ಓದಿದ ಹಾಗೆ ತೋರಿಸುತ್ತದೆ. 225 ಅಲ್ಲಿ 97 ಆಗುತ್ತದೆ, ಅಂದರೆ ಇಂಗ್ಲಿಷಿನ ಸಣ್ಣ 'ಎ'. ನಿಮಗೆ ಕಾಣುತ್ತಿರುವುದು ಅದೇ. ಬಹುಶಃ ಮೋಡ್ ಬದಲಿಸುವ ಚಿಕ್ಕ ಪ್ರೋಗ್ರಾಂ ಒಂದು ಮೊದಲು ಓಡಬೇಕಿತ್ತು. 'ಮೋಡ್ 4' ಎಂದು ಕೊಟ್ಟು, ಆಮೇಲೆ ಮೇಡಂ ಪ್ರೋಗ್ರಾಂ ಅನ್ನು ಚೈನ್ ಮಾಡಿ.

ಒಂದೊಂದು ಅಕ್ಷರಕ್ಕೂ ಸಿಗುವುದು ಎಂಟಕ್ಕೆ ಎಂಟು ಚುಕ್ಕಿ. ರಂಗೋಲಿಯ ಚುಕ್ಕಿ ಇಟ್ಟ ಹಾಗೆಯೇ. ಪ್ರತಿ ಸಾಲಿಗೆ ಎಡದಿಂದ 128, 64, 32, 16, 8, 4, 2, 1 ಎಂದು ಬೆಲೆ. ತುಂಬಿದ ಚುಕ್ಕಿಗಳನ್ನು ಕೂಡಿದರೆ ಆ ಸಾಲಿನ ಅಂಕಿ. ನಮ್ಮ ಸೊನ್ನೆ ಬೇಕಿದ್ದರೆ 'ವಿಡಿಯು 23,224,0,60,66,66,66,66,60,0'. ಸೊನ್ನೆಗೆ ಇಷ್ಟು ಸಾಕು. ಆದರೆ 'ಞ' ಅಥವಾ 'ಝ' ಈ ಚೌಕದಲ್ಲಿ ಹಿಡಿಸಿ ನೋಡಿ! ಎರಡು ಚೌಕ ಪಕ್ಕಪಕ್ಕ ಇಡಲೇಬೇಕು. ಆಗ 32 ಚೌಕಕ್ಕೆ 16 ಅಕ್ಷರವಷ್ಟೇ. ನಮ್ಮ ವರ್ಣಮಾಲೆ 49. ಕಾಗುಣಿತ, ಒತ್ತಕ್ಷರ ಬೇರೆ. ಪರದೆಗೆ ಒಂದು ಅಕ್ಷರ ಬಿದ್ದ ಮೇಲೆ ಅದೇ ಅಂಕಿಗೆ ಹೊಸ ಆಕಾರ ಕೊಟ್ಟರೂ ಹಳೆಯದು ಅಳಿಯುವುದಿಲ್ಲ. ಈ ಗುಣ ಬಳಸಿಕೊಂಡು ಒಂದೇ ಅಂಕಿಯನ್ನು ಮತ್ತೆ ಮತ್ತೆ ಬರೆದರೆ ಪೂರ್ತಿ ವರ್ಣಮಾಲೆ ಪರದೆಗೆ ತರಬಹುದು.

ನಿಮ್ಮ ಮೇಡಂ ಯಾವ ದಾರಿ ಹಿಡಿದಿದ್ದರು ಎಂದು ನೋಡಲು 'ವಿಡಿಯು 14' ಕೊಟ್ಟು 'ಲಿಸ್ಟ್' ಮಾಡಿ. ಪರದೆ ತುಂಬಿದಾಗ ನಿಲ್ಲುತ್ತದೆ, ಶಿಫ್ಟ್ ಒತ್ತಿದರೆ ಮುಂದಕ್ಕೆ ಹೋಗುತ್ತದೆ. ಕಂಟ್ರೋಲ್ ಹಿಡಿದು ಎನ್ ಒತ್ತಿದರೂ ಇದೇ ಕೆಲಸ, ಆದರೆ ಬ್ರೌಸರಿನಲ್ಲಿ ಹೊಸ ಕಿಟಕಿ ತೆರೆದುಕೊಳ್ಳುತ್ತದೆ. 'ವಿಡಿಯು 23' ಇರುವ ಸಾಲುಗಳ ಕೊನೆಯ ಎಂಟೆಂಟು ಅಂಕಿಗಳನ್ನು ಚೌಕದ ಹಾಳೆಯ ಮೇಲೆ ತುಂಬಿ. ಮೇಡಂ ಈಗಲೂ ಸಂಪರ್ಕದಲ್ಲಿದ್ದರೆ ಆ ಹಾಳೆಯನ್ನು ಅವರಿಗೆ ತೋರಿಸಿ.