ಪಾದ್ರಿ ಆಗುವವರಿಗೆ ಎಚ್‌ಐವಿ ಬಗ್ಗೆ ಯಾಕೆ ಕಲಿಸಬೇಕು? ಅದು ಡಾಕ್ಟರ ಕೆಲಸ ಅಲ್ವಾ?

ನಿಮ್ಮ ತಮ್ಮ ಪಾದ್ರಿ ಆಗಲು ಬಿ.ಡಿ. ಪದವಿ ಓದಲು ಸೇರುತ್ತಿದ್ದಾನೆ, ಪಾಠಪಟ್ಟಿಯಲ್ಲಿ ಎಚ್‌ಐವಿ ಅಂತ ಒಂದು ವಿಷಯ ನೋಡಿ ಮನೆಯವರಿಗೆ ಗಾಬರಿ ಆಗಿದೆ, ಸತ್ಯವೇದ (ಬೈಬಲ್) ಕಲಿಯಲು ಹೋದವನಿಗೆ ಇದೆಲ್ಲ ಯಾಕೆ ಅಂತ ಕೇಳಿದ್ದೀರಿ. ನಾನು ಕೊಡಗಿನಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಸಭಾಪಾಲಕನಾಗಿ ಇದ್ದವನು. ಈ ಪಾಠ ನನಗೆ ಯಾರೂ ಕಲಿಸಲಿಲ್ಲ. ಅದರ ಬೆಲೆ ತೆತ್ತವರು ಬೇರೆಯವರು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮಾತ್ರೆ ಕೊಡುವುದು ಡಾಕ್ಟರ ಕೆಲಸ, ಸರಿ. ಆದರೆ ರಿಪೋರ್ಟ್ ಕೈಗೆ ಬಂದ ರಾತ್ರಿ ಮನುಷ್ಯನಿಗೆ ಬರುವ ಯೋಚನೆಗಳೇ ಬೇರೆ. ದೇವರು ನನ್ನನ್ನು ಬಿಟ್ಟನಾ? ಇದು ನನ್ನ ಪಾಪದ ಫಲವಾ? ಸತ್ತರೆ ಚರ್ಚಿನ ಸಮಾಧಿಯಲ್ಲಿ ಜಾಗ ಕೊಡುತ್ತಾರಾ? ಇವನ್ನು ಯಾರೂ ಡಾಕ್ಟರ ಹತ್ತಿರ ಕೇಳುವುದಿಲ್ಲ. ಪಾದ್ರಿ ಹತ್ತಿರ ಬರುತ್ತಾರೆ. ಆಗ ಅವನ ಬಾಯಿಂದ ಮೊದಲು ಬರುವ ಮಾತು ಏನು ಅನ್ನುವುದರ ಮೇಲೆ ಎಷ್ಟೋ ನಿಂತಿರುತ್ತದೆ.

ನಾನು ಓದಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಗ್ರೀಕ್, ಹೀಬ್ರೂ, ಸಭೆಯ (ಚರ್ಚಿನ) ಇತಿಹಾಸ ಎಲ್ಲ ಕಲಿತೆವು. 1850ರ ದಶಕದಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಮೂಲಕ ಭಾರತಕ್ಕೆ ಬಂದಿದ್ದ ಜರ್ಮನ್ ಪಾದ್ರಿ ಮೋಗ್ಲಿಂಗ್ ಕೊಡಗಿಗೆ ಬಂದದ್ದು, ಆನಂದಪುರದಲ್ಲಿ ಸಭೆ ಕಟ್ಟಿದ್ದು ಪರೀಕ್ಷೆಗೆ ಬರೆದಿದ್ದೆ. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ಅಂದರೆ ನಾನು ಕಾಲೇಜಿನಲ್ಲಿದ್ದಾಗ ಅದಾಗಿ ಹತ್ತು ವರ್ಷ ದಾಟಿತ್ತು. ಆದರೂ ನಮಗೆ ಸಿಕ್ಕಿದ್ದು ಒಂದು ಮಧ್ಯಾಹ್ನ. ಯಾರೋ ಡಾಕ್ಟರು ಬಂದು ಪರದೆಯ ಮೇಲೆ ಹುಣ್ಣಿನ ಚಿತ್ರಗಳನ್ನು ತೋರಿಸಿದರು, ನಾವು ಹೆದರಿಕೊಂಡು ಊಟಕ್ಕೆ ಹೋದೆವು. ಅಷ್ಟೇ.

ಕೆಲಸಕ್ಕೆ ಬಂದ ಮೊದಲ ವರ್ಷಗಳಲ್ಲೇ ಒಂದು ತಪ್ಪು ಮಾಡಿದೆ. ಗುರುತು ಸಿಗದ ಹಾಗೆ ಹೇಳುತ್ತೇನೆ. ಸಭೆಯ ಒಬ್ಬ ಹೆಣ್ಣುಮಗಳು ಆರಾಧನೆ ಮುಗಿದ ಮೇಲೆ ಒಳಕೋಣೆಗೆ ಬಂದು, ಗಂಡನಿಗೆ ಈ ಕಾಯಿಲೆ ಇದೆ, ಆಸ್ಪತ್ರೆಯಲ್ಲಿ ಕೈಬಿಟ್ಟಿದ್ದಾರೆ, ಪ್ರಾರ್ಥನೆ ಮಾಡಿ ಅಂತ ಅತ್ತರು. ಮುಂದಿನ ಭಾನುವಾರ ನಾನು ಪೀಠದ ಮೇಲೆ ನಿಂತು ಅವರ ಗಂಡನ ಹೆಸರು ಹಿಡಿದು ಪ್ರಾರ್ಥಿಸಿದೆ. ಕಾಯಿಲೆಯ ಹೆಸರು ಹೇಳಲಿಲ್ಲ. "ಈ ಸಹೋದರನಿಗೆ ಮನಸ್ಸು ತಿರುಗಿಸಿಕೊಳ್ಳುವ ಕೃಪೆ ಕೊಡು" ಅಂದೆ, ಅಂದರೆ ಪಾಪಕ್ಕೆ ಪಶ್ಚಾತ್ತಾಪ ಪಡಲಿ ಅಂತ. ಬೇರೆ ಯಾವ ರೋಗಿಗೂ ನಾನು ಹಾಗೆ ಪ್ರಾರ್ಥಿಸಿದ್ದಿಲ್ಲ. ಸಕ್ಕರೆ ಕಾಯಿಲೆಯವರಿಗೆ ಮನಸ್ಸು ತಿರುಗಿಸಿಕೊಳ್ಳಿ ಅಂತ ಯಾರು ಹೇಳುತ್ತಾರೆ?

ಕೊಡಗು ಚಿಕ್ಕ ಜಾಗ. ಅದೊಂದು ಮಾತು ಸಾಕಾಯಿತು. ಸಂಜೆಯೊಳಗೆ ತೋಟದ ಅಂಗಡಿಯಲ್ಲಿ ಮಾತಾಯಿತು. ಶವಸಂಸ್ಕಾರದ ದಿನ ಪೆಟ್ಟಿಗೆ ಹೊರಲು ನಾಲ್ಕು ಜನ ಸಿಗಲಿಲ್ಲ, ನಾನೂ ಒಂದು ಕಡೆ ಹಿಡಿದೆ. ತಿಂಗಳು ಕಳೆಯುವ ಮೊದಲು ಆ ತಾಯಿ ಮಗುವನ್ನು ಕರೆದುಕೊಂಡು ಊರು ಬಿಟ್ಟರು. ಎಲ್ಲಿದ್ದಾರೆ ಅಂತ ನಾನು ಹುಡುಕಿಸಿದೆ, ಸಿಗಲಿಲ್ಲ. ಆಗ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಔಷಧಿ ಸರ್ಕಾರದಿಂದ ಉಚಿತವಾಗಿ ಇನ್ನೂ ಬಂದಿರಲಿಲ್ಲ, ಅದು ಶುರುವಾದದ್ದು 2004ರ ಏಪ್ರಿಲ್ 1ರಂದು. ಹಾಗಾಗಿ ಅವರ ಗಂಡನನ್ನು ಉಳಿಸುವುದು ನನ್ನ ಕೈಯಲ್ಲಿ ಇರಲಿಲ್ಲ. ಅವರ ಗುಟ್ಟು ಉಳಿಸುವುದು ಇತ್ತು.

ಈಗ ಅದಕ್ಕೆ ಕಾನೂನೇ ಇದೆ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ನಂಬಿಕೆಯಿಂದ ಹೇಳಿದ ಎಚ್‌ಐವಿ ವಿಷಯವನ್ನು ಆ ವ್ಯಕ್ತಿಯ ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ಹೇಳುವ ಹಾಗಿಲ್ಲ. ಪಾದ್ರಿಗೂ ಇದು ಅನ್ವಯಿಸುತ್ತದೆ. ಪ್ರಾರ್ಥನೆ ಹೆಸರಿನಲ್ಲಿ ಹೇಳಿದರೂ ಹೇಳಿದ್ದೇ ತಾನೇ?

ಇನ್ನೊಂದು ಘಟನೆ. ಇದನ್ನು ಬರೆಯಲು ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಊರು, ತೋಟ, ವರ್ಷ ಹೇಳುವುದಿಲ್ಲ.

ತೋಟದ ಲೈನ್ ಮನೆಯಿಂದ (ಕೂಲಿಯವರ ಸಾಲುಮನೆ) ಬರುವ ಒಬ್ಬ ಅಕ್ಕ ಇದ್ದರು. ಬಾಗಿಲ ಪಕ್ಕದ ಕೊನೇ ಬೆಂಚಿನಲ್ಲಿ ಕೂರುವರು. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆಚರಣೆ. ನಮ್ಮ ಚರ್ಚಿನಲ್ಲಿ ಎಲ್ಲರಿಗೂ ದ್ರಾಕ್ಷಾರಸದ ಒಂದೇ ಪಾತ್ರೆ. ಒಬ್ಬರು ಕುಡಿದ ಮೇಲೆ ಬಿಳಿ ಬಟ್ಟೆಯಿಂದ ಅಂಚು ಒರೆಸಿ, ಸ್ವಲ್ಪ ತಿರುಗಿಸಿ, ಮುಂದಿನವರಿಗೆ ಕೊಡುತ್ತೇವೆ. ಇವರು ಯಾವಾಗಲೂ ಎಲ್ಲರಿಗಿಂತ ಕೊನೆಗೆ ಬರುವರು. ಮಕ್ಕಳು ಹಿಂದೆ ಉಳಿದಿದ್ದರೆ ಅವರನ್ನೂ ಮುಂದೆ ಕಳಿಸಿ ನಿಲ್ಲುವರು. ನಾನು ಅದನ್ನು ದೀನತೆ ಅಂದುಕೊಂಡೆ. ಒಂದು ಪ್ರಸಂಗದಲ್ಲಿ, ಅಂದರೆ ಚರ್ಚಿನ ಉಪದೇಶದಲ್ಲಿ, ಕೊನೆಯವರು ಮೊದಲಿನವರಾಗುವರು ಅನ್ನುವ ವಾಕ್ಯಕ್ಕೆ, ಹೆಸರು ಹೇಳದೆ ಅವರನ್ನೇ ಉದಾಹರಣೆ ಕೊಟ್ಟಿದ್ದೆ.

ಕಾಫಿ ಕುಯ್ಲಿನ ಸಮಯದಲ್ಲಿ ಒಂದು ಸಂಜೆ ಮನೆ ಪ್ರಾರ್ಥನೆಗೆ ಲೈನಿಗೆ ಹೋಗಿದ್ದೆ. ಎಲ್ಲರೂ ಹೋದ ಮೇಲೆ ಅವರು ಬಾಗಿಲು ಮುಂದೆ ಮಾಡಿ, ಅಕ್ಕಿ ಡಬ್ಬ ಇಳಿಸಿ, ಅಕ್ಕಿಯೊಳಗೆ ಕೈ ಹಾಕಿ ಒಂದು ಬಟ್ಟೆ ಗಂಟು ತೆಗೆದರು. ಒಳಗೆ ಒಂದೊಂದಾಗಿ ಪೇಪರಿನಲ್ಲಿ ಸುತ್ತಿದ ಮಾತ್ರೆಗಳು. ಯಾಕೆ ಹೀಗೆ ಅಂತ ಕೇಳಿದೆ. "ಡಬ್ಬಿಯಲ್ಲಿಟ್ಟರೆ ಗಲಗಲ ಅನ್ನುತ್ತೆ ಅಯ್ಯನವರೇ. ಗೋಡೆ ಆಚೆ ಕೇಳಿಸುತ್ತೆ." ಲೈನ್ ಮನೆ ನೋಡಿದವರಿಗೆ ಗೊತ್ತು, ಎರಡು ಮನೆಗೆ ಒಂದೇ ಗೋಡೆ, ಮೇಲೆ ಸೂರಿನ ಹತ್ತಿರ ಖಾಲಿ ಇರುತ್ತದೆ. ಯಾರಾದರೂ ನೋಡಿಬಿಟ್ಟರೆ ಅಂತ ಅವರು ಮಡಿಕೇರಿಗೂ ಹೋಗದೆ, ಮೈಸೂರಿಗೆ ಹೋಗಿ ಮಾತ್ರೆ ತರುತ್ತಿದ್ದರು. ಬಸ್ಸಿನಲ್ಲಿ ಮೂರು ಗಂಟೆ, ಒಂದು ದಿನದ ಕೂಲಿ ಹೋಗುತ್ತಿತ್ತು.

ಅವತ್ತು ನನಗೆ ಹೇಳಿದ್ದಕ್ಕೆ ಕಾರಣ ಬೇರೆ ಇತ್ತು. ಎಲ್ಲೋ ಒಂದು ಸ್ವಸ್ಥತೆಯ ಕೂಟದಲ್ಲಿ, ನಂಬಿಕೆ ಇದ್ದರೆ ಮಾತ್ರೆ ಬಿಡು ಅಂದಿದ್ದರಂತೆ. ಹನ್ನೆರಡು ದಿನದಿಂದ ನುಂಗಿರಲಿಲ್ಲ. ಮಾತ್ರೆ ನುಂಗಿದರೆ ದೇವರಿಗೆ ಅವಮಾನವಾ, ಬಿಟ್ಟರೆ ಮಕ್ಕಳಿಗೆ ಯಾರು ಅಂತ ನಿದ್ದೆ ಇಲ್ಲದೆ ಕಣ್ಣು ಕೆಂಪಾಗಿತ್ತು. ನಾನು ಅವರಿಗೆ ಹಿಜ್ಕೀಯನ ಕತೆ ಹೇಳಿದೆ. ಅರಸ ಸಾಯುವ ಹಾಗಿದ್ದಾಗ ಪ್ರಾರ್ಥಿಸಿದ, ದೇವರು ಕೇಳಿದ, ಗುಣ ಮಾಡುತ್ತೇನೆ ಅಂದ. ಆಮೇಲೆ ಪ್ರವಾದಿ ಯೆಶಾಯನೇ ಅಂಜೂರದ ಹಣ್ಣಿನ ಮುದ್ದೆ ತರಿಸಿ ಹುಣ್ಣಿಗೆ ಹಚ್ಚಿಸಿದ. ಎರಡನೇ ಅರಸುಗಳು 20ನೇ ಅಧ್ಯಾಯ. ಮಾತು ಕೊಟ್ಟ ದೇವರೇ ಮದ್ದನ್ನೂ ಬಳಸಿದ. ಮರುದಿನ ಮೊದಲ ಬಸ್ಸಿಗೆ ನಾನೂ ಅವರ ಜೊತೆ ಮೈಸೂರಿಗೆ ಹೋದೆ. ಮಧ್ಯೆ ಮಧ್ಯೆ ಮಾತ್ರೆ ಬಿಟ್ಟರೆ ವೈರಸ್ಸು ಮತ್ತೆ ಹೆಚ್ಚುತ್ತದೆ, ಆ ಔಷಧಿಗೆ ಬಗ್ಗದ ಹಾಗೂ ಆಗಬಹುದು ಅಂತ ಅಲ್ಲಿ ಕೌನ್ಸೆಲರ್ ಬಿಡಿಸಿ ಹೇಳಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವರು ತುಂಬ ಹೊತ್ತು ಸುಮ್ಮನಿದ್ದರು. ಕೊನೆಗೆ ಮೆಲ್ಲಗೆ ಕೇಳಿದರು. "ಅಯ್ಯನವರೇ, ನಾನು ಕೊನೆಗೆ ಕುಡಿದರೂ ಪಾತ್ರೆಯಲ್ಲಿ ಉಳಿದದ್ದನ್ನು ನೀವು ಕುಡಿಯುತ್ತೀರಿ. ನಿಮಗೆ ಏನೂ ಆಗಿಲ್ಲವಲ್ಲ?"

ಪ್ರತಿ ತಿಂಗಳು ಈ ತಾಯಿ ಕರ್ತನ ಮೇಜಿನ ಹತ್ತಿರ ಬಂದದ್ದು ನನ್ನ ಜೀವದ ಚಿಂತೆ ಹೊತ್ತುಕೊಂಡು. ಎಚ್‌ಐವಿ ಪಾತ್ರೆಯಿಂದ ಬರುವುದಿಲ್ಲ. ಎಂಜಲಿನಿಂದ, ಕೈ ಹಿಡಿದರೆ, ಒಟ್ಟಿಗೆ ಊಟ ಮಾಡಿದರೆ ಬರುವುದಿಲ್ಲ. ಸುರಕ್ಷಿತವಲ್ಲದ ಲೈಂಗಿಕ ಸಂಪರ್ಕ, ಸೋಂಕಿನ ರಕ್ತ, ಒಬ್ಬರ ಸೂಜಿ ಇನ್ನೊಬ್ಬರು ಬಳಸುವುದು, ತಾಯಿಯಿಂದ ಮಗುವಿಗೆ ಹೊಟ್ಟೆಯಲ್ಲಿ, ಹೆರಿಗೆಯಲ್ಲಿ ಅಥವಾ ಎದೆಹಾಲಿನಲ್ಲಿ. ದಾರಿ ಇಷ್ಟೇ. ಇದನ್ನು ನಾನು ಒಂದೇ ಒಂದು ಭಾನುವಾರ ಪೀಠದಿಂದ ಹೇಳಿದ್ದರೆ ಅವರ ಎಷ್ಟೋ ವರ್ಷದ ಭಯ ಹೋಗುತ್ತಿತ್ತು. ಆರಾಧನೆಯ ಪಾಠದಲ್ಲಿ ಪಾತ್ರೆ ಹೇಗೆ ಹಿಡಿಯಬೇಕು, ಹೇಗೆ ಒರೆಸಬೇಕು ಅಂತ ನಮಗೆ ಗಂಟೆಗಟ್ಟಲೆ ಕಲಿಸಿದ್ದರು. ಅದನ್ನು ಕುಡಿಯಲು ಹೆದರುವವರು ಇರುತ್ತಾರೆ ಅಂತ ಕಲಿಸಲಿಲ್ಲ.

ಅದಕ್ಕೇ ಹೇಳುವುದು, ಇದು ಪಠ್ಯದ ಕೊನೆಗೆ ಅಂಟಿಸುವ ಒಂದು ಪಾಠ ಆಗಬಾರದು. ಆಫ್ರಿಕಾದ ಸಭೆಗಳು ಇದನ್ನು ನಮಗಿಂತ ಮೊದಲೇ ಕಂಡುಕೊಂಡವು. ಅಲ್ಲಿ ಪಾದ್ರಿಗಳು ವಾರ ವಾರ ಶವಸಂಸ್ಕಾರ ಮಾಡುವ ಕಾಲ ಬಂದಿತ್ತು. ಸಭೆಗಳ ವಿಶ್ವ ಮಂಡಳಿ 2002ರಲ್ಲಿ ಆಫ್ರಿಕಾಕ್ಕೆಂದೇ ಒಂದು ಎಚ್‌ಐವಿ ಯೋಜನೆ ಶುರು ಮಾಡಿತು. ಬೋಟ್ಸ್ವಾನಾದ ಸತ್ಯವೇದ ಪಂಡಿತೆ ಮೂಸಾ ದುಬೆ 2003ರಲ್ಲಿ ಸಂಪಾದಿಸಿದ ಪುಸ್ತಕದಲ್ಲಿ, ಥಿಯಾಲಜಿಯ (ದೇವಶಾಸ್ತ್ರದ) ಬೇರೆ ಬೇರೆ ವಿಷಯಗಳ ಒಳಗೇ ಎಚ್‌ಐವಿಯನ್ನು ಹೇಗೆ ಸೇರಿಸಬೇಕು ಅಂತ ವಿವರಿಸಿದ್ದಾರೆ. ಹಳೆ ಒಡಂಬಡಿಕೆ ಕಲಿಸುವವರು ಯೋಬನನ್ನು ಕಲಿಸುವಾಗ, ನಿನ್ನ ಕಷ್ಟ ನಿನ್ನ ಪಾಪದ ಫಲ ಅಂತ ಅವನ ಸ್ನೇಹಿತರು ಬಾಯಿ ಬಿಟ್ಟದ್ದೇ ತಪ್ಪಾಯಿತಲ್ಲ, ಅಲ್ಲಿ. ಯೋಹಾನ 9ರಲ್ಲಿ ಹುಟ್ಟುಕುರುಡನನ್ನು ನೋಡಿ ಶಿಷ್ಯರು ಇದು ಯಾರ ಪಾಪ ಅಂತ ಕೇಳುತ್ತಾರಲ್ಲ, ಅಲ್ಲಿ. ಕೌನ್ಸೆಲಿಂಗ್ ತರಗತಿಯಲ್ಲಿ, ಪ್ರಸಂಗದ ತರಗತಿಯಲ್ಲಿ, ಎಲ್ಲ ಕಡೆ.

ಉಗಾಂಡಾದ ಆಂಗ್ಲಿಕನ್ ಪಾದ್ರಿ ಗಿಡಿಯನ್ ಬ್ಯಾಮುಗಿಶಾ ತಮಗೆ ಎಚ್‌ಐವಿ ಇದೆ ಅಂತ 1992ರಲ್ಲೇ ಬಹಿರಂಗವಾಗಿ ಹೇಳಿಕೊಂಡರು. ಅವರಂಥವರೇ ಸೇರಿ ಮುಂದೆ ಎಚ್‌ಐವಿ ಇರುವ ಧರ್ಮಗುರುಗಳ ಒಂದು ಒಕ್ಕೂಟ ಕಟ್ಟಿದರು. ನಮ್ಮಲ್ಲಿ ಈಗಲೂ "ಅವರಿಗೆ ಸಹಾಯ ಮಾಡೋಣ" ಅನ್ನುತ್ತೇವೆ. ಆ "ಅವರು" ನಮ್ಮ ಬೆಂಚಿನಲ್ಲಿ, ಕೆಲವೊಮ್ಮೆ ನಮ್ಮ ಪೀಠದ ಮೇಲೇ ಇರಬಹುದು ಅಂತ ವಿದ್ಯಾರ್ಥಿಗೆ ಮೊದಲ ವರ್ಷದಲ್ಲೇ ಗೊತ್ತಾಗಬೇಕು.

ದಕ್ಷಿಣ ಆಫ್ರಿಕಾದಲ್ಲಿ ತಾಮಾರಳ ಕತೆಯನ್ನು ಹೆಂಗಸರ ಗುಂಪುಗಳಲ್ಲಿ ಕೂತು ಓದುವ ಕ್ರಮ ಇದೆ. ಎರಡನೇ ಸಮುವೇಲ 13. ದಾವೀದನ ಮಗಳ ಮೇಲೆ ಅಣ್ಣನೇ ಅತ್ಯಾಚಾರ ಮಾಡಿದ ಅಧ್ಯಾಯ. ಆ ಅಧ್ಯಾಯದ ಮೇಲೆ ಪ್ರಸಂಗ ನಾನು ಕೇಳಿದ್ದೂ ಇಲ್ಲ, ಮಾಡಿದ್ದೂ ಇಲ್ಲ. ಒಂದು ಮಳೆಗಾಲ ನಮ್ಮ ಹೆಂಗಸರ ಕೂಟದಲ್ಲಿ ಓದಿಸಿದೆ. ಹೊರಗೆ ಜಡಿಮಳೆ, ಕರೆಂಟ್ ಇಲ್ಲ, ಮೇಣದ ಬತ್ತಿ ಹಚ್ಚಿಕೊಂಡು ಕೂತಿದ್ದೆವು. ಓದು ಮುಗಿದ ಮೇಲೆ, ಎಂದೂ ಬಾಯಿ ಬಿಡದ ಒಬ್ಬ ಅಜ್ಜಿ ಕೇಳಿದರು: "ದಾವೀದನಿಗೆ ಸಿಟ್ಟು ಬಂತು ಅಂತ ಬರೆದಿದೆ. ಸಿಟ್ಟು ಬಂದು ಏನು ಮಾಡಿದ?" ಏನೂ ಮಾಡಲಿಲ್ಲ. ಆಮೇಲೆ ಎರಡು ಗಂಟೆ ಯಾರೂ ಮನೆಗೆ ಏಳಲಿಲ್ಲ. ಗಂಡನಿಗೆ ಬೇಡ ಅನ್ನಲಾಗದ ಹೆಂಗಸರಿಗೆ "ಶೀಲವಾಗಿರಿ" ಅನ್ನುವ ಉಪದೇಶ ಯಾವ ರಕ್ಷಣೆ ಕೊಡುತ್ತದೆ ಅಂತ ಅವತ್ತು ನನಗೆ ಹೊಳೆಯಿತು. ಮದುವೆಯಾದ ಗಂಡನ ಹೊರತು ಯಾರನ್ನೂ ಅರಿಯದ ಎಷ್ಟೋ ಹೆಣ್ಣುಮಕ್ಕಳಿಗೆ ಈ ಸೋಂಕು ಬಂದಿದೆ.

ಮದುವೆ ಅಂದಾಗ ಇನ್ನೊಂದು ಮಾತು. ಮದುವೆಗೆ ಮುಂಚೆ ಎಚ್‌ಐವಿ ಸರ್ಟಿಫಿಕೇಟ್ ತಂದು ಪಾದ್ರಿಗೆ ಕೊಡಬೇಕು ಅನ್ನುವವರಿದ್ದಾರೆ. ನನಗೆ ಇದು ಸರಿ ಕಾಣುವುದಿಲ್ಲ. ಸೋಂಕು ತಗುಲಿದ ಮೊದಲ ಕೆಲವು ವಾರ ಪರೀಕ್ಷೆಯಲ್ಲಿ ಗೊತ್ತಾಗದೆ ಇರಬಹುದು, ಹಾಗಾಗಿ ಕಾಗದ ಸುಳ್ಳು ಧೈರ್ಯ ಕೊಡುತ್ತದೆ. ಒತ್ತಾಯದ ಪರೀಕ್ಷೆಯನ್ನು ಕಾನೂನೂ ಒಪ್ಪುವುದಿಲ್ಲ. ನಾನು ಹುಡುಗ ಹುಡುಗಿ ಇಬ್ಬರನ್ನೂ ಕೂರಿಸಿ, ಜೊತೆಯಾಗಿ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಿ, ರಿಪೋರ್ಟ್ ನಿಮ್ಮ ಹತ್ತಿರವೇ ಇರಲಿ, ನನಗೆ ಬೇಡ ಅನ್ನುತ್ತೇನೆ. ಸರ್ಕಾರಿ ಆಸ್ಪತ್ರೆಯಲ್ಲಿ ಸಲಹೆ ಕೊಟ್ಟು ಪರೀಕ್ಷೆ ಮಾಡುವ ಐಸಿಟಿಸಿ ಕೇಂದ್ರದಲ್ಲಿ ಉಚಿತವಾಗಿ, ಗುಟ್ಟಾಗಿ ಮಾಡುತ್ತಾರೆ.

ನಿಮ್ಮ ತಮ್ಮನಿಗೆ ಈಗಿನ ಒಳ್ಳೆಯ ಸುದ್ದಿಯೂ ತಿಳಿದಿರಲಿ. ದಿನಕ್ಕೊಂದು ಮಾತ್ರೆ ತಪ್ಪದೆ ನುಂಗಿ, ರಕ್ತದಲ್ಲಿ ವೈರಸ್ಸು ಪರೀಕ್ಷೆಗೇ ಸಿಗದಷ್ಟು ಕಡಿಮೆಯಾಗಿ ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ 15ರಿಂದ 45. ಸರಿಯಾದ ಚಿಕಿತ್ಸೆ ಇದ್ದರೆ 5ಕ್ಕಿಂತ ಕಡಿಮೆ. ಇವನ್ನು ಗ್ರೀಕ್ ಕ್ರಿಯಾಪದದ ಹಾಗೆ ಬಾಯಿಪಾಠ ಮಾಡಲಿ. 1097 ಅನ್ನುವ ಉಚಿತ ಸಹಾಯವಾಣಿ ನಂಬರನ್ನು ಸತ್ಯವೇದದ ಹಿಂದಿನ ಹಾಳೆಯಲ್ಲಿ ಬರೆದಿಟ್ಟುಕೊಳ್ಳಲಿ. ಕಾಲೇಜಿನಲ್ಲಿ ಈ ಪಾಠ ಮಾಡಲು ಎಚ್‌ಐವಿ ಇರುವವರನ್ನೇ ಕರೆಸುತ್ತಾರಾ ಅಂತ ಕೇಳಲಿ. ಕರೆಸದಿದ್ದರೆ ಕರೆಸಿ ಅನ್ನಲಿ. ನಾನು ಎಲ್ಲಿ ತಪ್ಪಿದೆ ಅಂತ ಅಂಥವರಿಂದ ಕಲಿತಷ್ಟು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ.

ಆ ಅಕ್ಕ ಚೆನ್ನಾಗಿದ್ದಾರೆ. ಮಗಳ ಮದುವೆ ಆಯಿತು. ಪಾತ್ರೆಯಿಂದ ಹರಡುವುದಿಲ್ಲ ಅಂತ ಈಗ ಅವರಿಗೆ ನನ್ನಷ್ಟೇ ಗೊತ್ತು. ಆದರೂ ಕೊನೆಗೇ ಬರುತ್ತಾರೆ, ಅಭ್ಯಾಸ ಆಗಿಹೋಗಿದೆ ಅನ್ನುತ್ತಾರೆ. ಪಾತ್ರೆಯಲ್ಲಿ ಉಳಿದದ್ದನ್ನು ನಾನು ಕುಡಿದು ಮುಗಿಸುವವರೆಗೆ ಅಲ್ಲೇ ನಿಂತಿದ್ದು, ಆಮೇಲೆ ಬೆಂಚಿಗೆ ಹೋಗುತ್ತಾರೆ.