ಒಂದೇ ಮಾತ್ರೆಯಲ್ಲಿ ನಾಲ್ಕು ಔಷಧ ಏಕೆ?

ಪ್ರಶ್ನೆ: ನನ್ನ ತಮ್ಮ ಮಂಗಳೂರು ದಕ್ಕೆಯಿಂದ ಆಳಸಮುದ್ರ ಮೀನುಗಾರಿಕೆಗೆ ಹೋಗುವವನು. ಜೂನ್ ತಿಂಗಳ ರಜೆಯಲ್ಲಿ ಅವನಿಗೆ ಶ್ವಾಸಕೋಶದ ಕ್ಷಯ ಇರುವುದು ಗೊತ್ತಾಯಿತು. ಒಂದೇ ಮಾತ್ರೆಯಲ್ಲಿ ನಾಲ್ಕು ಔಷಧಗಳಿವೆಯಂತೆ. ಈಗ ಕೆಮ್ಮು ನಿಂತಿದೆ, ಆದರೆ ಮೂತ್ರ ಕೆಂಪಗೆ ಹೋಗುತ್ತದೆ. ‘ಇಷ್ಟೆಲ್ಲ ಬೇಡ, ಒಂದೇ ಔಷಧ ಸಾಕು’ ಎನ್ನುತ್ತಾನೆ. ಆಗಸ್ಟ್‌ನಲ್ಲಿ ಬೋಟಿಗೆ ಹೋಗಬಹುದೇ?
– ಓದುಗರು, ಬೆಂಗ್ರೆ

ಉತ್ತರ: ಮೂತ್ರದ ಬಣ್ಣಕ್ಕೆ ಹೆದರಬೇಡಿ, ಅದು ರಿಫಾಂಪಿಸಿನ್ ಔಷಧದ ಬಣ್ಣ. ಕಣ್ಣು ಹಳದಿಯಾದರೆ, ದೃಷ್ಟಿ ಮಂಜಾದರೆ, ವಾಂತಿ ನಿಲ್ಲದಿದ್ದರೆ ಮಾತ್ರ ಅಂದೇ ವೈದ್ಯರ ಬಳಿಗೆ ಕರೆದೊಯ್ಯಿರಿ.

‘ಒಂದೇ ಸಾಕು’ ಎಂಬ ಮಾತನ್ನು ಮಾತ್ರ ನಾನು ಖಂಡಿತ ಒಪ್ಪುವುದಿಲ್ಲ. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟು ನೋಡಿದ್ದಾರೆ. ರೋಗಿಗಳು ಮೊದಲು ಚೇತರಿಸಿಕೊಂಡರು. ಕೆಲವೇ ತಿಂಗಳಲ್ಲಿ ಅನೇಕರ ಕಫದಲ್ಲಿ ಅದಕ್ಕೆ ಜಗ್ಗದ ಕ್ರಿಮಿಗಳು ಕಾಣಿಸಿಕೊಂಡವು. ಪಾಸ್ ಎಂಬ ಇನ್ನೊಂದು ಔಷಧವನ್ನು ಜೊತೆಗೆ ಕೊಟ್ಟ ಮೇಲೆ ಆ ಕಾಟ ಬಹಳ ಮಟ್ಟಿಗೆ ತಗ್ಗಿತು.

ಇದರ ಹಿಂದಿನ ಲೆಕ್ಕವನ್ನು ನಿಮ್ಮ ತಮ್ಮನಿಗೆ ಓದಿ ಹೇಳಿ. ಕ್ಷಯದಿಂದ ಶ್ವಾಸಕೋಶದಲ್ಲಿ ಕುಳಿ ಬಿದ್ದಿದ್ದರೆ ಅಲ್ಲಿ ಕೋಟಿಗಟ್ಟಲೆ ಕ್ರಿಮಿಗಳಿರುತ್ತವೆ. ಸುಮಾರು ಹತ್ತು ಲಕ್ಷಕ್ಕೊಂದು ಕ್ರಿಮಿ ಅವನ ಮಾತ್ರೆಯಲ್ಲಿರುವ ಐಸೊನಿಯಾಜಿಡ್‌ಗೆ, ಹತ್ತು ಕೋಟಿಗೊಂದು ರಿಫಾಂಪಿಸಿನ್‌ಗೆ ಹುಟ್ಟಿನಿಂದಲೇ ಜಗ್ಗುವುದಿಲ್ಲ. ಒಂದನ್ನೇ ನುಂಗಿದರೆ ಆ ಹಠಮಾರಿ ಉಳಿದು ಸಂತಾನ ಬೆಳೆಸುತ್ತದೆ. ಎರಡಕ್ಕೂ ಜಗ್ಗದ ಕ್ರಿಮಿಯೊಂದು ತಾನಾಗಿ ಹುಟ್ಟಬೇಕಾದರೆ ಒಂದರ ಮುಂದೆ ಹದಿನಾಲ್ಕು ಸೊನ್ನೆ ಬರೆದಷ್ಟು ಕ್ರಿಮಿಗಳಿರಬೇಕು. ಅಷ್ಟು ಯಾವ ರೋಗಿಯ ಎದೆಯಲ್ಲೂ ಇರುವುದಿಲ್ಲ! ಮೂರನೆಯದಾದ ಪೈರಜಿನಮೈಡ್, ಬೆಳವಣಿಗೆ ನಿಧಾನಿಸಿ ಅಡಗಿ ಕುಳಿತವನ್ನು ಕೊಲ್ಲುತ್ತದೆ. ಅವನಿಗೆ ತಗಲಿದ ಕ್ರಿಮಿ ಐಸೊನಿಯಾಜಿಡ್‌ಗೆ ಮೊದಲೇ ಜಗ್ಗದ್ದಾಗಿದ್ದರೆ ರಿಫಾಂಪಿಸಿನ್ ಒಂಟಿಯಾಗಬಾರದಲ್ಲ, ಅದಕ್ಕೆ ಎಥಾಂಬುಟಾಲ್ ಬೇಕು. ಇವುಗಳಲ್ಲಿ ಯಾವುದನ್ನು ಬಿಡೋಣ ಹೇಳಿ?

ಎರಡು ತಿಂಗಳಾದ ಮೇಲೆ ವೈದ್ಯರೇ ಪೈರಜಿನಮೈಡ್ ನಿಲ್ಲಿಸುತ್ತಾರೆ. ಉಳಿದ ಮೂರು ಔಷಧ ಇನ್ನೂ ನಾಲ್ಕು ತಿಂಗಳು ಬೇಕು, ಕೆಮ್ಮು ಇಲ್ಲದಿದ್ದರೂ.

ಬೋಟಿನ ವಿಷಯ: ಮೊದಲು ಎರಡನೇ ತಿಂಗಳ ಕಫ ಪರೀಕ್ಷೆ ಆಗಲಿ. ಕ್ರಿಮಿ ಇನ್ನೂ ಕಂಡರೆ ಕ್ಯಾಬಿನ್‌ನಲ್ಲಿ ಹತ್ತು ಮಂದಿಯ ನಡುವೆ ಮಲಗುವುದು ಸಲ್ಲದು. ಕಾಣದಿದ್ದರೆ, ವೈದ್ಯರೂ ಒಪ್ಪಿದರೆ ಹೋಗಲಿ. ಎಷ್ಟು ದಿನದ ಪಯಣ ಎಂದು ಆರೋಗ್ಯ ಕೇಂದ್ರದಲ್ಲಿ ಮೊದಲೇ ಹೇಳಿ, ಗಾಳಿಮಳೆಗೆ ತಡವಾದರೂ ಸಾಲುವಷ್ಟು ಮಾತ್ರೆ ಪಡೆದು ನೀರು ತಾಗದ ಡಬ್ಬಿಯಲ್ಲಿಡಲಿ. ಬೋಟಿನ ಮುಖ್ಯಸ್ಥರಾದ ತಾಂಡೇಲರಿಗೂ ವಿಷಯ ತಿಳಿದಿರಲಿ. ದಿನವೂ ನೆನಪಿಸುವವರು ಒಬ್ಬರು ಬೇಕು. ಮದ್ಯ ಬೇಡವೇ ಬೇಡ, ಈ ಔಷಧಗಳು ಯಕೃತ್ತಿಗೆ ಮೊದಲೇ ಭಾರ. ನೀವೂ ಮನೆಯ ಮಕ್ಕಳೂ ಇನ್ನೂ ಪರೀಕ್ಷೆ ಮಾಡಿಸಿಕೊಳ್ಳದಿದ್ದರೆ ಈ ವಾರವೇ ಮಾಡಿಸಿ. ಸರಕಾರಿ ಕೇಂದ್ರದಲ್ಲಿ ಅದು ಉಚಿತ.